ತಿರುವಿನಲ್ಲಿ ನಿಲ್ಲುವವರು

ಬೆಸೆಂಟ್ ನಗರ, ಚೆನ್ನೈ

ಪ್ರೀತಿಯ ಅಕ್ಕ,

ಪುಟ್ಟಿ ಲಾಂಗ್‌ಬೋರ್ಡ್, ಅದೇ ಉದ್ದನೆಯ ಸ್ಕೇಟ್‌ಬೋರ್ಡ್, ಬೇಕೇ ಬೇಕು ಅಂತ ಹಟ ಹಿಡಿದಿದ್ದಾಳೆ, ನೀನು ಸುತರಾಂ ಒಪ್ಪುತ್ತಿಲ್ಲ. "ಬಿದ್ದು ಕೈಕಾಲು ಮುರಿದುಕೊಂಡರೆ ನೋಡಿಕೊಳ್ಳುವವರು ಯಾರು?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅದಕ್ಕೆ ಎರಡು ಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಕಾಗದ. ನೋಡಿಕೊಳ್ಳುವವರು ಇದ್ದಾರೆ ಅಕ್ಕ. ಕಳೆದ ತಿಂಗಳು ನಾನೂ ಅವರ ಜೊತೆ ನಿಂತಿದ್ದೆ.

ಚೆನ್ನೈಯಲ್ಲಿ ಪರಂಗಿಮಲೆ ಬಿಟ್ಟರೆ ಏರು ಅನ್ನುವುದೇ ಅಪರೂಪ. ಇಲ್ಲಿಯ ಹುಡುಗ ಹುಡುಗಿಯರು ಬೆಳಕು ಹರಿಯುವ ಮುಂಚೆ, ಬಿಸಿಲೂ ವಾಹನಗಳೂ ಏರುವ ಮೊದಲು, ಸಮುದ್ರದಂಡೆಯ ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ. ಇಳಿಜಾರು ಬೇಕೆಂದರೆ ಏಲಗಿರಿ, ಏರ್ಕಾಡು, ಕೊಲ್ಲಿಮಲೆಯ ಸೀಮೆಗೇ ಹೋಗಬೇಕು. ಏಲಗಿರಿಗೆ ನಮ್ಮ ಆಗುಂಬೆಯ ಹಾಗೆ 14 ಹೇರ್‌ಪಿನ್ ತಿರುವು, ಕೊಲ್ಲಿಮಲೆಗೆ 70. ಆದರೆ ಬಸ್ಸು ಲಾರಿ ಓಡಾಡುವ ಘಾಟಿಯಲ್ಲಿ ಇಳಿಯುವುದನ್ನು ತಿಳಿದವರು ಯಾರೂ ಒಪ್ಪುವುದಿಲ್ಲ. ನಾನು ಜೊತೆಗಿದ್ದ ಗುಂಪಿನವರು ಗುಡ್ಡದ ಕಡೆ ವಾಹನ ಬಾರದ ಒಂದು ತುಂಡು ರಸ್ತೆ ಹುಡುಕಿ, ಊರವರನ್ನೂ ಪೊಲೀಸರನ್ನೂ ಕೇಳಿ ಒಪ್ಪಿಗೆ ಪಡೆದಿದ್ದರು. ನನ್ನನ್ನು ಕರೆದದ್ದು ಕೆಲಸಕ್ಕೆ.

ಮೊದಲ ಕೆಲಸ ಗುಡಿಸುವುದು. ಬೋರ್ಡಿನ ಚಕ್ರ ಸುಮಾರು 70 ಮಿಲಿಮೀಟರ್ ಅಷ್ಟೆ, ಪಾಲಿಯುರೆಥೇನಿನದು. ಕಡಲೆ ಗಾತ್ರದ ಜಲ್ಲಿ ಸಿಕ್ಕಿದರೂ ಬೋರ್ಡ್ ಅಲ್ಲೇ ನಿಂತು, ಮೇಲಿದ್ದವರು ಮುಂದಕ್ಕೆ ಹಾರಬಹುದು. ಹಾಗಾಗಿ ಟಾರ್ಚ್ ಹಿಡಿದು, ತಿರುವಿನ ಒಳಮೈಯಲ್ಲಿ ಮಳೆನೀರು ತಂದು ಹಾಕಿದ ಮರಳನ್ನೂ ಪೊರಕೆಯಿಂದ ಬಳಿದೆವು. ಆಮೇಲೆ ಹೊರಮೈಯಲ್ಲಿ ಒಣಹುಲ್ಲಿನ ಹೊರೆ ಜೋಡಿಸಿದೆವು. ಆ ಹುಲ್ಲು ಪಕ್ಕದ ಊರಿನ ದನಗಳದ್ದು. ಸಂಜೆ ಒಂದು ಹೊರೆಯೂ ಕಡಿಮೆಯಾಗದ ಹಾಗೆ ವಾಪಸು ಒಟ್ಟಿ ಬಂದೆವು.

ನನಗೆ ಕೊಟ್ಟದ್ದು ಎರಡು ಬಾವುಟ, ಒಂದು ಸೀಟಿ. ಹಳದಿ ಎತ್ತಿದರೆ ಮುಂದೆ ಯಾರೋ ಬಿದ್ದಿದ್ದಾರೆ, ವೇಗ ಇಳಿಸು ಅಂತ. ಕೆಂಪು ಎತ್ತಿದರೆ ನಿಂತೇಬಿಡಬೇಕು. ಮೇಲಿನ ತಿರುವಿನಲ್ಲಿ ಇದ್ದವರು ನನಗೆ ಕಾಣಬೇಕು, ನಾನು ಕೆಳಗಿನವರಿಗೆ ಕಾಣಬೇಕು. ಆ ಸರಪಳಿ ಎಲ್ಲೂ ಕಡಿಯಬಾರದು. ನಡುವೆ ಒಬ್ಬ ಅಜ್ಜಿ ಆಡು ಹೊಡೆದುಕೊಂಡು ಬಂದಳು. ಕೆಂಪು ಎತ್ತಿದೆ, ಮೇಲಿಂದ ಕೆಳಗಿನವರೆಗೆ ಎಲ್ಲವೂ ನಿಂತಿತು. ಆಕೆ ತನ್ನ ಪಾಡಿಗೆ, ಒಂದೊಂದೇ ಆಡನ್ನು ಹೆಸರು ಹಿಡಿದು ಕರೆಯುತ್ತ ದಾಟಿದಳು. ಯಾರೂ ಅವಸರ ಮಾಡಲಿಲ್ಲ. ಆ ರಸ್ತೆ ಮೊದಲು ಅವಳದ್ದು.

ಬೋರ್ಡುಗಳು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತವೆ. ಡಾಂಬರಿನ ಮೇಲೆ ಗುಡುಗುಟ್ಟುವ ಸದ್ದು ಹತ್ತಿರವಾಗುತ್ತಿದ್ದ ಹಾಗೆ, ಪುಟ್ಟಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗಿಯೊಬ್ಬಳು ಮಂಡಿ ಮಡಚಿ, ಎದೆ ಬಗ್ಗಿಸಿ ಬಂದಳು. ತಿರುವಿಗೆ ಮುಂಚೆ ಎದ್ದು ನಿಂತು ತೋಳು ಚಾಚಿದಳು. ಗಾಳಿಯೇ ಮೊದಲ ಬ್ರೇಕು. ಆಮೇಲೆ ಕುಕ್ಕರಿಸಿ, ಎಡಗೈ ರಸ್ತೆಗೆ ಊರಿ ಬೋರ್ಡನ್ನು ಅಡ್ಡ ತಿರುಗಿಸಿದಳು. ಸವೆದ ಚಕ್ರದ ಬಿಳಿ ಗೆರೆ ರಸ್ತೆಯ ಮೇಲೆ ಉಳಿಯಿತು. ಕೆಳಗೆ ನಿಂತ ಮೇಲೆ ಗ್ಲೌಸ್ ತೋರಿಸಿದಳು: ಅಂಗೈಗೆ ಅಂಟಿಸಿದ ದಪ್ಪ ಪ್ಲಾಸ್ಟಿಕ್ ಬಿಲ್ಲೆ ಒಂದು ಬದಿಗೆ ಸವೆದು ಓರೆಯಾಗಿತ್ತು. ಈ ಕೈಚಳಕವನ್ನು ಸಪಾಟು ನೆಲದಲ್ಲಿ, ನಿಧಾನದಲ್ಲಿ ಕಲಿತು ಬಂದವಳು ಅವಳು.

ಕ್ಯಾಲಿಫೋರ್ನಿಯಾದ ಸಿಗ್ನಲ್ ಹಿಲ್‌ನಲ್ಲಿ 1975ರಲ್ಲಿ ಇಂಥ ಓಟ ಶುರುವಾದಾಗ ಈ ಎಚ್ಚರ ಇರಲಿಲ್ಲ. 1978ರ ಓಟದಲ್ಲಿ ಓಡಿದವರಿಗೂ ನೋಡುತ್ತ ನಿಂತವರಿಗೂ ಪೆಟ್ಟಾಗಿ, ಅಲ್ಲಿಗೆ ಅದು ನಿಂತೇಹೋಯಿತು. ನಿನ್ನ ಭಯ ಸುಳ್ಳಲ್ಲ ಅಕ್ಕ. 2017ರಲ್ಲಿ ಪೀಟರ್ ಕಾನಲಿ ಎಂಬ ಸ್ಕೇಟರ್ ಕೆನಡಾದಲ್ಲಿ ಗಂಟೆಗೆ 146.73 ಕಿಲೋಮೀಟರ್ ವೇಗದಲ್ಲಿ ಇಳಿದರು. ಅಂಥ ವೇಗಕ್ಕೆ ಒಬ್ಬರ ಧೈರ್ಯ ಸಾಲದು. ನಮ್ಮೂರ ಎಳ್ಳಮಾವಾಸ್ಯೆ ತೇರಿನಲ್ಲಿ ಹಗ್ಗ ಎಳೆಯುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಗಾಲಿಯ ಪಕ್ಕ ಬಗ್ಗಿ ನಡೆಯುತ್ತ, ಸರಿಯಾದ ಹೊತ್ತಿಗೆ ಮರದ ತುಂಡು ಕೊಟ್ಟು ತಡೆಯುವವರನ್ನು ಗಮನಿಸುವವರು ಕಡಿಮೆ. ಬಾವುಟ ಹಿಡಿದು ನಿಂತಾಗ ನನಗೆ ನೆನಪಾದದ್ದು ಅವರೇ.

ನಮ್ಮಲ್ಲಿ ಈ ಆಟ ಬೆಳೆದದ್ದೇ ಹೀಗೆ ಕೈಜೋಡಿಸುವವರಿಂದ. 2013ರಲ್ಲಿ ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಗುಂಪಿನವರು, ಹೊರದೇಶದಿಂದ ಬಂದ ಸ್ಕೇಟರ್‌ಗಳ ಜೊತೆ ತಾವೇ ಕಾಂಕ್ರೀಟ್ ಕಲಸಿ ಸ್ಕೇಟ್ ಪಾರ್ಕು ಕಟ್ಟಿದರು. ಮಧ್ಯಪ್ರದೇಶದ ಪನ್ನಾ ಹತ್ತಿರದ ಜನವಾರ್ ಹಳ್ಳಿಯಲ್ಲಿ 2015ರಲ್ಲಿ ಎದ್ದ ಪಾರ್ಕಿನಲ್ಲಿ ಎರಡು ನಿಯಮ ಮಾಡಿದ್ದರು: ಶಾಲೆಗೆ ಹೋಗದವರಿಗೆ ಬೋರ್ಡ್ ಇಲ್ಲ, ಮೊದಲ ಸರದಿ ಹುಡುಗಿಯರದ್ದು. ಇಲ್ಲೇ ಮಹಾಬಲಿಪುರದಲ್ಲಿ ಸ್ಕೇಟ್‌ಬೋರ್ಡ್ ಆಡುವ ಕಮಲಿ ಇದ್ದಾಳೆ. ಮೀನು ಮಾರಿ ಸಾಕಿದ ತಾಯಿ, ಹುಡುಗಿಗೆ ಇದೆಲ್ಲ ಯಾಕೆ ಅಂದವರ ಮಾತಿಗೆ ಜಗ್ಗದೆ ಮಗಳನ್ನು ಆಡಲು ಬಿಟ್ಟರು. ಅವರ ಬಗ್ಗೆ ಸಾಶಾ ರೇನ್‌ಬೋ ಮಾಡಿದ 'ಕಮಲಿ' ಕಿರುಚಿತ್ರ 2020ರಲ್ಲಿ ಬಾಫ್ಟಾಗೆ ನಾಮನಿರ್ದೇಶನವಾಯಿತು. ಅದನ್ನು ಪುಟ್ಟಿಯ ಜೊತೆ ಕೂತು ನೋಡು. ಮಗಳಿಗಿಂತ ತಾಯಿಯ ಮುಖವನ್ನೇ ನೀನು ಹೆಚ್ಚು ನೋಡುತ್ತೀಯ ಅಂತ ನನಗೆ ಗೊತ್ತು.

ನಾನು ಕೇಳುವುದು ಇಷ್ಟೇ. ಮೊದಲ ವರ್ಷ ಇಳಿಜಾರಿನ ಮಾತೇ ಬೇಡ. ಶಾಲೆಯ ಅಂಗಳದಲ್ಲಿ ಕಾಲು ಊರಿ ನಿಲ್ಲಿಸುವುದನ್ನು ಕಲಿಯಲಿ. ಆಗುಂಬೆ ಘಾಟಿಯ ಕಡೆ ಬೋರ್ಡ್ ಒಯ್ಯಕೂಡದು ಅಂತ ಅವಳ ಹತ್ತಿರ ಮಾತು ತೆಗೆದುಕೋ, ನಾನೂ ತೆಗೆದುಕೊಳ್ಳುತ್ತೇನೆ. ಬೇಸಿಗೆ ರಜೆಗೆ ಮೂವರೂ ಇಲ್ಲಿಗೆ ಬನ್ನಿ. ಭಾವನಿಗೆ ಪೊರಕೆ, ನಿನಗೆ ಬಾವುಟ. ನಿನ್ನಷ್ಟು ಕಟ್ಟುನಿಟ್ಟಾಗಿ ಆ ತಿರುವು ಕಾಯುವವರು ಯಾರೂ ಸಿಗಲಾರರು.

ಬೋರ್ಡಿಗೆ ಮುಂಚೆ ಹೆಲ್ಮೆಟ್, ಮಂಡಿಗೂ ಮೊಣಕೈಗೂ ಪ್ಯಾಡು, ಅದು ನನ್ನ ಲೆಕ್ಕ. ಹುಬ್ಬಿನ ಮೇಲೆ ಟೇಪು ಸುತ್ತಿ ಅವಳ ತಲೆಯ ಅಳತೆ ತೆಗೆದು ಕಳಿಸು. ಜಡೆ ಬಿಚ್ಚಿ ಅಳೆ.

ನಿನ್ನ ತಂಗಿ