ಜಾಲಿ ಕಡಿಯೋ ಮಷೀನು, ಅದರ ಚೈನಿನ ಬಿಗಿ



ಹತ್ತಿ ಬಿತ್ತೋ ಮೊದ್ಲು ಬದುವಿನ ಜಾಲಿ ತೆಗೀಬೇಕಂತ ಈಗ ಯಾವ ಕಡಿ ಹೋದ್ರೂ ಮಷೀನಿನ ಸಪ್ಪಳ ಕೇಳ್ತದ. ಮೊದ್ಲು ಬಾಡಿಗಿ ತರ್ತಿದ್ದವ್ರು ಈಗ ಸ್ವಂತ ತೊಗೊಳ್ಳಾಕತ್ಯಾರ. ನಾನೂ ತೊಗೊಂಡೀನಿ, ಸೆಕೆಂಡ್ ಹ್ಯಾಂಡು, 58 ಸಿಸಿ, 22 ಇಂಚಿನ ಬಾರು. ಇವತ್ತು ಅದರ ಚೈನಿನ ಬಿಗಿ ಬಗ್ಗೆ ಬರೀತೀನಿ. ಇಷ್ಟು ಸಣ್ಣದಕ್ಕ ಇಷ್ಟುದ್ದ ಯಾಕ ಅನ್ನಬ್ಯಾಡ್ರಿ, ಪೂರ್ತಿ ಓದ್ರಿ.

ಜಾಲಿ ಬಗ್ಗೆ ನಿಮಗ ಹೇಳೋದೇನದ. 19ನೇ ಶತಮಾನದಾಗ ಸಮುದ್ರದಾಚೆ ಅಮೆರಿಕ ಖಂಡದಿಂದ ತಂದ ಗಿಡ. ಬರಗಾಲಕ್ಕ ಉರುವಲಾಗ್ತದ ಅಂತ ಬೆಳಸಿದ್ರು, ಈಗ ನಮ್ಮನ್ನೇ ಹೊಲದಿಂದ ಹೊರಗ ಹಾಕಾಕತ್ಯದ. ನಮ್ಮ ಶಿರವಾಳದ ಹಳೇ ಕಲ್ಲಿನ ಗುಡಿಗಳನ್ನೂ ಬಿಟ್ಟಿಲ್ಲ. ಕಟಗಿ ಗಟ್ಟಿ, ಕೊಡ್ಲಿ ಹಾಕಿದ್ರ ಕೈ ಜುಮ್ ಅಂತದ. ಬುಡ ಒಂದಿದ್ರೂ ಸುತ್ತ ಹತ್ತು ಟೊಂಗಿ, ಮೈತುಂಬ ಮುಳ್ಳು. ಅದಕ್ಕೇ ಮಷೀನ್ ಬೇಕಾತು.

ಹೋದ ಬ್ಯಾಸಿಗಿ ಮಾತು. ನಾನು, ಅಣ್ಣನ ಮಗ, ಇಬ್ಬರೇ ಪಡುವಣ ಬದು ಹಿಡಿದಿದ್ವಿ. ಮಧ್ಯಾಹ್ನ ಹನ್ನೆರಡು ದಾಟಿತ್ತು, ಬಿಸಿಲು ಅಂದ್ರ ಬಿಸಿಲು. ಮಷೀನ್ ಹುಡುಗನ ಕೈಯಾಗಿತ್ತು. ಚೈನು ಬಾರಿನ ಕೆಳಗ ಒಂದು ಬಟ್ಟಿನಷ್ಟು ಜೋತು ಬಿದ್ದಿದ್ದು ನಾನು ನೋಡಿದ್ನಿ. ನೋಡ್ಲಿಲ್ಲ ಅಂತ ಸುಳ್ಳು ಹೇಳಂಗಿಲ್ಲ. "ಇದೊಂದು ಪೊದಿ ಮುಗೀಲಿ, ಆಮ್ಯಾಲ ಬಿಗಿ ಮಾಡೋಣು" ಅಂದ್ನಿ. ದಪ್ಪ ಬುಡ ಕೊಯ್ಯುವಾಗ ಏನೂ ಆಗ್ಲಿಲ್ಲ. ಬಾಜೂಕಿನ ಹೆಬ್ಬಟ್ಟು ಗಾತ್ರದ ಚಿಗುರು ಟೊಂಗಿಗೆ ಬಾರ್ ಹಾಕಿದ, ಟೊಂಗಿ ಬಾಗಿ ಚೈನಿನಾಗ ಸಿಕ್ಕಿಕೊಂಡ್ತು, ಚೈನು ಗಾಡಿಯಿಂದ ಹಾರಿ ಹಿಂದಕ್ಕ ಬಡೀತು. ಬಲಗೈ ಬೆರಳಿಗೆ. ಎಂಟು ಹೊಲಿಗಿ ಬಿದ್ದವು.

ಚೈನ್ ಹಾರಿದ್ರ ತಡೀಲಿಕ್ಕೆ ಅಂತ ಕವರಿನ ಕೆಳಗ ಒಂದು ಸಣ್ಣ ಕೊಕ್ಕಿ ಇರ್ತದ. ನಮ್ಮ ಮಷೀನಿನಾಗ ಅದು ಮುರಿದು ಹೋಗಿತ್ತು. ಮಾರಿದವ್ರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಇಂಥದ್ದೊಂದು ಇರ್ತದ ಅಂತಲೇ ನನಗ ಗೊತ್ತಿರ್ಲಿಲ್ಲ. ಸೆಕೆಂಡ್ ಹ್ಯಾಂಡ್ ತೊಗೊಳ್ಳೋರು ಮೊದ್ಲು ಅದನ್ನ ನೋಡ್ರಿ, ಆಮ್ಯಾಲ ಹಗ್ಗ ಜಗ್ಗಿ ಸ್ಟಾರ್ಟ್ ಆಗ್ತದೋ ಇಲ್ಲೋ ನೋಡ್ರಿ. ವೈನಿ ನನಗ ಒಂದು ಮಾತೂ ಅನ್ಲಿಲ್ಲ. ಅಂದಿದ್ರ ಚಲೋ ಇತ್ತು.

ಒಂದು ವಾರ ಮಷೀನ್ ಮುಟ್ಟಲಿಲ್ಲ. ಕೊಕ್ಕಿ ಹೊಸದು ಹಾಕಿಸಿ, ಮತ್ತ ತಗದಾಗ ಅಂಜಿಕಿ ಹೊಕ್ಕಿತ್ತು ನೋಡ್ರಿ, ಆಗ ಎರಡನೇ ತಪ್ಪು ಮಾಡಿದ್ನಿ. ಚೈನು ಕಾಯ್ದು ಜೋಲಿ ಬಿದ್ದಕೂಡ್ಲೇ ಸ್ಕ್ರೂ ತಿರುವಿ ತಂತಿ ಬೇಲಿಯಂಗ ಬಿಗಿ ಮಾಡಿದ್ನಿ. ಸಂಜೀತನಕ ಕಡಿದು ಹಂಗೇ ಮನಿಗೆ ತಂದು ಇಟ್ಟೆ. ಮುಂಜಾನಿ ಚೈನು ಕೈಲೆ ಎಳದ್ರ ಒಂದು ಗೆರಿಯಷ್ಟೂ ಸರೀಲಿಲ್ಲ. ನಾನು ಶಾಣ್ಯಾ, ಎಂಜಿನ್ ಚಾಲೂ ಮಾಡಿ ರೇಸ್ ಕೊಟ್ಟೆ. ಕ್ಲಚ್ಚಿನಿಂದ ಹೊಗಿ ಬಂತು. ಶಹಾಪುರಕ್ಕ ಒಯ್ದ್ರ ಮೆಕ್ಯಾನಿಕ್ ಬಿಚ್ಚಿ ತೋರಿಸಿದ, ಕ್ಲಚ್ ಸುಟ್ಟಿತ್ತು, ಡ್ರಮ್ಮಿನ ಬೇರಿಂಗ್ ಹೋಗಿತ್ತು, ಬಾರಿನ ಮೂಗಿನಾಗಿನ ಸಣ್ಣ ಹಲ್ಲಿನ ಗಾಲಿಯೂ ಹಿಡಕೊಂಡಿತ್ತು.

ಅವತ್ತು ತಿರುಗಿ ಬರುವಾಗ ಬಸ್ಸಿನಾಗ ನಮ್ಮ ಮುತ್ಯಾ ನೆನಪಾದ. ಬಂಡಿ ಗಾಲಿಗೆ ಕಬ್ಬಿಣದ ಹಳಿ ಏರಿಸೋದು ನೋಡೀರಲ್ಲ? ಕಂಬಾರ ಹಳೀನ ಕುಳ್ಳಿನ ಬೆಂಕ್ಯಾಗ ಕೆಂಪಗ ಕಾಯಿಸ್ತಿದ್ದ. ಕಾಯ್ದ ಹಳಿ ಹಿಗ್ಗಿ ಗಾಲಿ ಮ್ಯಾಲ ಸರಳ ಕೂಡ್ತಿತ್ತು. ನೀರು ಸುರುವಿದ್ರ ಚುರ್ ಅಂತ ಕುಗ್ಗಿ ಗಾಲೀನ ಹಿಂಗ ಹಿಡೀತಿತ್ತಂದ್ರ ವರ್ಷಗಟ್ಟಲೆ ಬಿಡ್ತಿರ್ಲಿಲ್ಲ. ನಾನು ಮಷೀನಿಗೆ ಮಾಡಿದ್ದು ಅದೇ. 22 ಇಂಚಿನ ಬಾರಿನ ಚೈನು ಬಿಚ್ಚಿ ಉದ್ದಕ್ಕ ಹಾಸಿದ್ರ ನಾಲ್ಕೂವರೆ ಅಡಿ ದಾಟ್ತದ. ಅದು 100 ಡಿಗ್ರಿ ಹೆಚ್ಚು ಕಾಯ್ದ್ರ ಒಂದೂವರೆ ಮಿಲಿಮೀಟರಿಗಿಂತ ಜಾಸ್ತಿ ಬೆಳೀತದ. ಬಾರು ಅಷ್ಟು ಕಾಯಂಗಿಲ್ಲ, ಹಂಗಾಗಿ ಚೈನು ಜೋತು ಬೀಳ್ತದ. ಆರಿದ ಮ್ಯಾಲ ಬೆಳೆದಷ್ಟೂ ವಾಪಸ್ ಕುಗ್ಗಬೇಕು. ನಾವು ಜಾಗ ಬಿಟ್ಟಿಲ್ಲಂದ್ರ ಬಾರಿಗೂ ಬೇರಿಂಗಿಗೂ ಕುತ್ತು.

ಈಗ ನಾನು ಮಾಡೋದು ಹಿಂಗ. ಎಂಜಿನ್ ಬಂದ್, ಬರೇ ಸ್ಲೋ ಮಾಡಿ ಅಲ್ಲ, ಪೂರ್ತಿ ಬಂದ್. ಚೈನು ಆರಿರಬೇಕು. ಕೈಗೆ ದಪ್ಪ ಗ್ಲೌಸ್. ಮುಂದಿನ ಬ್ರೇಕ್ ಹಿಡಿಕಿ ನಮ್ಮ ಕಡಿ ಎಳೆದು ಬಿಡಿಸಿರಬೇಕು, ಇಲ್ಲಂದ್ರ ಚೈನು ತಿರುಗಂಗೇ ಇಲ್ಲ. ಕವರಿನ ಎರಡು ನಟ್ಟು ಸ್ವಲ್ಪ ಸಡಿಲ ಮಾಡ್ರಿ, ಪೂರ್ತಿ ಬಿಚ್ಚಬ್ಯಾಡ್ರಿ. ಆಮ್ಯಾಲ ಬಾರಿನ ತುದಿ ಕೈಲೆ ಮ್ಯಾಲಕ್ಕ ಎತ್ತಿ ಹಿಡೀಬೇಕು. ಇದನ್ನೇ ಭಾಳ ಜನ ಬಿಡ್ತಾರ, ನಾನೂ ಬಿಡ್ತಿದ್ನಿ. ತುದಿ ಎತ್ತಲಾರದ ಬಿಗಿ ಮಾಡಿದ್ರ ಕಟಗಿ ಮ್ಯಾಲ ಒತ್ತಿದಾಗ ಬಾರು ಮ್ಯಾಲಕ್ಕ ಸರೀತದ, ಮಾಡಿದ ಬಿಗಿ ಎಲ್ಲಾ ಹೋಗ್ತದ. ಎತ್ತಿ ಹಿಡಕೊಂಡೇ ಸ್ಕ್ರೂ ತಿರುವ್ರಿ. ಕೆಳಗಿನ ಜೋಲಿ ಹೋಗಿ ಚೈನು ಬಾರಿಗೆ ತಾಗಬೇಕು. ತುದಿ ಬಿಡದಂಗ ನಟ್ಟು ಬಿಗಿ ಮಾಡ್ರಿ.

ಆಮ್ಯಾಲ ಎರಡು ಪರೀಕ್ಷಾ. ಕೈಲೆ ಎಳದ್ರ ಚೈನು ಸರಳ ಸುತ್ತಬೇಕು. ಬಾರಿನ ನಡುವ ಚೈನು ಮ್ಯಾಲಕ್ಕ ಜಗ್ಗಿದ್ರ ಸ್ವಲ್ಪ ಏಳಬೇಕು, ಆದ್ರ ಒಳಗಿನ ಹಲ್ಲು ಗಾಡಿ ಬಿಟ್ಟು ಪೂರ್ತಿ ಹೊರಗ ಬರಬಾರದು, ಬಿಟ್ಟಕೂಡ್ಲೇ ಟಪ್ ಅಂತ ಕೂಡಬೇಕು. ಹೊಸ ಚೈನು ಮೊದಲ ದಿನ ಭಾಳ ಬೆಳೀತದ, ಐದು-ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ನೋಡ್ರಿ. ಕೆಲಸದ ನಡುವ ಕಾಯ್ದಾಗ ಬಿಗಿ ಮಾಡೋ ಪ್ರಸಂಗ ಬಂದ್ರ ಮಾಡ್ರಿ, ಆದ್ರ ಮನಿಗೆ ಹೋಗೋ ಮುಂಚೆ ಸಡಿಲ ಮಾಡೋದು ಮರೀಬ್ಯಾಡ್ರಿ.

ಪದೇ ಪದೇ ಜೋಲಿ ಬೀಳಾಕತ್ತದಂದ್ರ ತಪ್ಪು ಸ್ಕ್ರೂದು ಅಲ್ಲ, ಎಣ್ಣೀದು ಇರಬಹುದು. ಬಾರಿನ ತುದಿ ಒಂದು ಬಿಳೀ ಕಲ್ಲಿನ ಹತ್ರ, ತಾಗದಂಗ, ಹಿಡಿದು ರೇಸ್ ಕೊಡ್ರಿ. ಎಣ್ಣಿ ಗೆರಿ ಬೀಳಬೇಕು. ಬೀಳ್ಲಿಲ್ಲಂದ್ರ ಗಾಡ್ಯಾಗ ನಮ್ಮ ಎರಿ ಮಣ್ಣು, ಕಟಗಿ ಪುಡಿ ತುಂಬಿ ತೂತು ಮುಚ್ಚಿರ್ತದ. ಟ್ರ್ಯಾಕ್ಟರಿಂದ ತಗದ ಕರೇ ಎಣ್ಣಿ ಹಾಕೋ ರೂಢಿ ಭಾಳ ಮಂದಿಗದ. ಅದರಾಗ ಕಬ್ಬಿಣದ ಪುಡಿ ಇರ್ತದ, ಬಾರು ತಿಂತದ. ಉಳಿಸಿದ್ದು ಎಷ್ಟು, ಕಳ್ಕೊಂಡಿದ್ದು ಎಷ್ಟು ನೀವೇ ಲೆಕ್ಕ ಹಾಕ್ರಿ. ಚೈನು ಒಮ್ಮೆ ಹಾರಿದ್ರ ಒಳಗಿನ ಹಲ್ಲುಗಳನ್ನೂ ಒಂದೊಂದಾಗಿ ನೋಡ್ರಿ. ಗೀರು ಎದ್ದಿದ್ರ ಕಾನಸಿಲೆ ಸಾಪ ಮಾಡ್ರಿ, ಭಾಳ ಕೆಟ್ಟಿದ್ರ ಚೈನೇ ಬದಲಿಸ್ರಿ. ಮತ್ತ ಸಣ್ಣ ಟೊಂಗಿಗೆ ಕೊಡ್ಲೀನೇ ಸಾಕು, ಮಷೀನ್ ಬ್ಯಾಡ.

ಹುಡುಗನ ಕೈ ವಾಸಿ ಆಗ್ಯದ, ಆದ್ರ ಒಂದು ಬೆರಳು ಪೂರ್ತಿ ಮಡಚಂಗಿಲ್ಲ. ಈ ವರ್ಷ ನಾನು ಬ್ಯಾಡ ಅಂದ್ರೂ ಅವನೇ ಮಷೀನ್ ಹೊತಗೊಂಡು ಬಂದ. ನಿನ್ನೆ ಬದುವಿನ ಮ್ಯಾಲ ಕುಂತು ಪಾನಾ ತೊಗೊಂಡು ಬಿಗಿ ಮಾಡಿದ್ನಿ. ಅವ ಬಂದು ಸುಮ್ಮನ ಚೈನು ಜಗ್ಗಿ ನೋಡಿದ, ಇನ್ನೊಮ್ಮೆ ನಟ್ಟು ಸಡಿಲ ಮಾಡಿದ.

"ಕಾಕಾ, ತುದಿ ಎತ್ತಿ ಹಿಡಿ" ಅಂದ. ಹಿಡಿದ್ನಿ.