ಹಳೇ ಮದ್ದಳೆಗೆ ಬೆಲೆ ಕಟ್ಟುವ ಮೊದಲು

ಸಿರುಗುಪ್ಪ, ಕುರುಗೋಡು ಕಡೆಯವರಲ್ಲಿ ಒಂದು ಕೋರಿಕೆ. ದೊಡ್ಡಾಟ ಆಡುತ್ತಿದ್ದ ಮನೆಯ ಅಟ್ಟದಲ್ಲಿ ಹಳೇ ಮದ್ದಳೆ ಸಿಕ್ಕರೆ ಗುಜರಿಗೆ ಹಾಕಬೇಡಿ. ಚರ್ಮ ಹರಿದಿದೆ ಅಂತ ತಳ್ಳಿಬಿಡೋದು ತಪ್ಪು. ಚರ್ಮ, ಅದರ ಮೇಲಿನ ಕಪ್ಪು ಕರಣೆ, ಬಾರು ಎಲ್ಲಾ ಆಗಾಗ ಬದಲಾಗುವಂಥವು. ವಯಸ್ಸು ಇರೋದು ಮರದಲ್ಲಿ. ಮುಚ್ಚಿಗೆ (ಬಾಯಿಗೆ ಬಿಗಿದ ಚರ್ಮ) ಬಿಚ್ಚಿದಾಗ ಟಾರ್ಚ್ ಹಾಕಿ ಒಳಗೆ ನೋಡಿ. ಕೈಯಲ್ಲಿ ಕೊರೆದದ್ದಾದರೆ ಉಳಿಯ ಗೀರುಗಳು ಏರುಪೇರಾಗಿ ಕಾಣುತ್ತವೆ. ಬೆರಳ ಗೆಣ್ಣಿನಿಂದ ಸುತ್ತಲೂ ತಟ್ಟಿ. ಬಿರುಕು ಬಿಟ್ಟ ಜಾಗದಲ್ಲಿ ಸದ್ದು ಮಂಕಾಗುತ್ತೆ. ಹೊಳಪು ಬರಲೆಂದು ವಾರ್ನಿಷ್ ಮಾತ್ರ ಬಳಿಯಬೇಡಿ, ಹಳೇ ಗುರುತೆಲ್ಲ ಮುಚ್ಚಿಹೋಗುತ್ತೆ.

ಅಮೆರಿಕದ ಲಡ್ವಿಗ್ ಕಂಪನಿಯ ಡ್ರಮ್ಮಿಗೆ 1960ರ ದಶಕದಿಂದ ಬಿಲ್ಲೆಯ ಮೇಲೆ ಸೀರಿಯಲ್ ನಂಬರ್ ಇದೆ. ಸಂಗ್ರಾಹಕರು ಅದನ್ನು ನೋಡಿ ಕಾಲ ಅಂದಾಜು ಮಾಡ್ತಾರೆ. ನಮ್ಮ ಮದ್ದಳೆಗೆ ಅಂಥ ನಂಬರ್ ಇಲ್ಲ. ಯಾರು ಬಾರಿಸಿದರು, ಯಾವ ಮೇಳ, ಯಾವ ಪ್ರಸಂಗ, ಮೇಳದ ಮಾಸ್ತರು ಯಾರು ಅನ್ನೋದೇ ಅದರ ದಾಖಲೆ. ರಿಪೇರಿಯವರು ಹೇಳೋದು ಮರ, ಚರ್ಮದ ರೇಟು ಅಷ್ಟೇ. ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಬೆಲೆ ಮಾತು ಆಮೇಲೆ.