ಬುಷ್ಷು ಬಿದ್ದ ಲ್ಯಾಪ್‌ಟಾಪು

ಮೊದಲು ಗಮನಕ್ಕೆ ಬಂದದ್ದು ಸದ್ದು. ಸ್ಪೇಸ್‌ಬಾರ್ ಒತ್ತಿದಾಗಲೆಲ್ಲ ಮೇಜಿನ ಮೇಲೆ ‘ಟಕ್’ ಅನ್ನುತ್ತಿತ್ತು. ಎರಡು ದಿನ ಅದು ಕೀಬೋರ್ಡಿನದೇ ಅಂದುಕೊಂಡೆ. ಮೂರನೆಯ ರಾತ್ರಿ ರೂಮ್‌ಮೇಟ್ ಮುಸುಕಿನೊಳಗಿಂದಲೇ “ಅಕ್ಕಾ, ಮರಕುಟಿಗ ಏನಾದ್ರೂ ಸಾಕಿದೀರಾ?” ಅಂದಳು. ಲ್ಯಾಪ್‌ಟಾಪನ್ನು ಮಗುಚಿ ನೋಡಿದೆ. ತಳದ ನಾಲ್ಕು ಮೂಲೆಗಳಲ್ಲಿ ಇರಬೇಕಾದ ನಾಲ್ಕು ರಬ್ಬರ್ ಬುಷ್‌ಗಳಲ್ಲಿ ಮುಂದಿನ ಬಲಗಡೆಯದು ಇರಲಿಲ್ಲ. ಅದಿದ್ದ ಜಾಗದಲ್ಲಿ ಕಪ್ಪು ಅಂಟಿನ ಕಲೆ, ಕಲೆಯ ನಡುವೆ ಒಂದು ಪುಟ್ಟ ಸ್ಕ್ರೂ. ಏಳು ವರ್ಷ ತೊಡೆಯ ಮೇಲೆ ಕೂರಿಸಿಕೊಂಡಿದ್ದರೂ ಅಲ್ಲೊಂದು ಸ್ಕ್ರೂ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಉಳಿದ ಮೂರೂ ಹೆಚ್ಚು ದಿನ ಬಾಳುವ ಹಾಗೆ ಕಾಣಲಿಲ್ಲ. ಹಿಂದಿನ ಎರಡು ಸವೆದು ತಳಕ್ಕೆ ಸಮವಾಗಿದ್ದವು. ಇನ್ನೊಂದು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಜಾರಿತ್ತು. ಲ್ಯಾಪ್‌ಟಾಪಿನ ಬಿಸಿಗೆ ಅಡಿಯ ಅಂಟು ಮೆತ್ತಗಾಗುತ್ತದೆ. ನಾವು ಎತ್ತದೆ ಮೇಜಿನ ಮೇಲೆ ಅತ್ತಿತ್ತ ಎಳೆದಾಡಿದಾಗ ಬುಷ್ಷು ಒಂದೊಂದು ಕೂದಲೆಳೆಯಷ್ಟು ಸರಿಯುತ್ತ ಸರಿಯುತ್ತ ಒಂದು ದಿನ ಬಿದ್ದುಹೋಗುತ್ತದೆ. ಎಲ್ಲಿ ಬಿತ್ತು ಅಂತ ಯಾರೂ ನೋಡುವುದಿಲ್ಲ. ನಾನು ಬ್ಯಾಗು ಜಾಡಿಸಿದೆ, ಮಂಚದ ಕೆಳಗೆ ಪೊರಕೆ ಆಡಿಸಿದೆ. ಸಿಕ್ಕಿದ್ದು ಎರಡು ಹೇರ್‌ಪಿನ್ನು, ಒಂದು ಐದು ರೂಪಾಯಿ.

ಕಾಗದ ಮಡಚಿ ಇಟ್ಟೆ. ಸದ್ದು ನಿಂತಿತು, ಬೇರೆ ತೊಂದರೆ ಶುರುವಾಯಿತು. ಫ್ಯಾನು ಗಾಳಿ ಎಳೆದುಕೊಳ್ಳುವ ಕಿಂಡಿಗಳಿರುವುದು ತಳದಲ್ಲೇ. ಮೇಜಿಗೂ ತಳಕ್ಕೂ ನಡುವೆ ಬುಷ್ಷು ಉಳಿಸಿಕೊಟ್ಟ ಎರಡು ಮೂರು ಮಿಲಿಮೀಟರ್ ಸಂದಿಯಲ್ಲೇ ಅದು ಉಸಿರಾಡಬೇಕು. ಸಂದಿ ಕಮ್ಮಿಯಾದರೆ ಒಳಗೆ ಕಾವು ಏರುತ್ತದೆ, ಕಾವು ಏರಿದರೆ ಪ್ರೊಸೆಸರು ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ. ಆನ್‌ಲೈನ್ ಮೌಲ್ಯಾಂಕನದ ಅಂಕ ತುಂಬುವ ಕೊನೆಯ ದಿನ ನನ್ನ ಲ್ಯಾಪ್‌ಟಾಪು ಏದುಸಿರು ಬಿಡುತ್ತ ಕೂತದ್ದು ಇದೇ ಕಾರಣಕ್ಕೆ.

ಹೊಸದು ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಇದೇ ಪ್ರಶ್ನೆಯನ್ನು ಇನ್ನೊಬ್ಬರೂ ಕೇಳಿದರು.

ಒಂದು ಶನಿವಾರ ತುಮಕೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿನಲ್ಲಿ ಅಲೆದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಹೇಳಿದರೆ ಆಟೋದವರು ಒಂದು ಗಳಿಗೆ ಯೋಚಿಸುತ್ತಾರೆ. ಚಾರ್ಜರು, ಪರದೆ, ಕೀಬೋರ್ಡು, ಬ್ಯಾಟರಿ, ಹೊಲಿಗೆ ದಾರದ ದಪ್ಪದ ವೈರು, ಏನು ಕೇಳಿದರೂ ಇರುವ ಬೀದಿ ಅದು. ನಾನು ಬುಷ್ಷು ಕೇಳಿದೆ. ಒಬ್ಬ ಹುಡುಗ ಮಾಡೆಲ್ ನಂಬರು ನೋಡಿ, “ಕಾಲು ಮಾತ್ರ ಬರಲ್ಲ ಮೇಡಂ, ಬಾಟಮ್ ಪೂರ್ತಿ ತಗೋಬೇಕು” ಅಂದ. ಅವನು ಹೇಳಿದ ಬೆಲೆ ನನ್ನ ರೂಮಿನ ಒಂದು ತಿಂಗಳ ಬಾಡಿಗೆಗೆ ಹತ್ತಿರವಿತ್ತು. ಬಟನ್ ಕಿತ್ತುಹೋಗಿದೆ ಅಂದರೆ ಅಂಗಿಯನ್ನೇ ಬದಲಾಯಿಸಿ ಅಂದ ಹಾಗಾಯಿತು. ಕೊನೆಗೆ ಇನ್ನೊಂದು ಅಂಗಡಿಯಲ್ಲಿ ಗುಂಡನೆಯ, ಪಾರದರ್ಶಕ ಬುಷ್‌ಗಳ ಹಾಳೆಯೊಂದು ನಲವತ್ತು ರೂಪಾಯಿಗೆ ಸಿಕ್ಕಿತು. ಕಪಾಟಿನ ಬಾಗಿಲು ದಡ್ ಅನ್ನದಿರಲೆಂದು ಅಂಟಿಸುತ್ತಾರಲ್ಲ, ಅಂಥವು. ಒಂದನ್ನು ಅಂಟಿಸಿದೆ. ಒಂದು ವಾರಕ್ಕೆ ಅದೂ ಬೆವರಿ, ಜಾರಿ, ನನ್ನ ದುಪಟ್ಟಾಕ್ಕೆ ಅಂಟಿಕೊಂಡು ಕ್ಲಾಸಿಗೆ ಬಂತು.

ಈ ನೆಪದಲ್ಲಿ ರಬ್ಬರಿನ ಬಗ್ಗೆ ಒಂದಿಷ್ಟು ಓದಿದೆ. ಹಸಿ ರಬ್ಬರು ಬೇಸಿಗೆಯಲ್ಲಿ ಅಂಟುತ್ತದೆ, ಚಳಿಗೆ ಸೆಟೆಯುತ್ತದೆ. ಅದಕ್ಕೆ ಗಂಧಕ ಸೇರಿಸಿ ಕಾಯಿಸಿದರೆ ಎರಡೂ ಕಾಲಕ್ಕೆ ತಡೆಯುತ್ತದೆ ಎಂದು 1839ರಲ್ಲಿ ಕಂಡುಕೊಂಡ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1860ರಲ್ಲಿ ಸಾಯುವಾಗ ಸಾಲದಲ್ಲಿದ್ದ. ಅವನ ಹೆಸರಿನ ಟೈರ್ ಕಂಪನಿ ಶುರುವಾದದ್ದು 1898ರಲ್ಲಿ. ಅವನಿಗಾಗಲಿ ಅವನ ಮನೆಯವರಿಗಾಗಲಿ ಅದರಲ್ಲಿ ಬಿಡಿಗಾಸಿನ ಪಾಲಿರಲಿಲ್ಲ. ಇದನ್ನು ಓದಿದ ದಿನ ನನಗೆ ಯಾಕೋ ಊಟ ಸೇರಲಿಲ್ಲ.

ಆ ಭಾನುವಾರ ತಿಪಟೂರಿಗೆ ಹೋದೆ. ಅಪ್ಪನದು ಅಲ್ಲಿ ಟೈಲರ್ ಅಂಗಡಿ. ಈಗ ಹೊಸ ಬಟ್ಟೆ ಹೊಲಿಸುವವರು ಕಡಿಮೆ. ಜಿಪ್ಪು ಹಾಕುವುದು, ಪ್ಯಾಂಟಿನ ಕಾಲು ಮಡಚುವುದು, ಆನ್‌ಲೈನಿನಲ್ಲಿ ತರಿಸಿದ ಕುರ್ತಾದ ತೋಳು ಹಿಡಿಸುವುದು, ಇಷ್ಟೇ. ಅಂಗಡಿಯ ಮೂಲೆಯಲ್ಲಿ ಕೂತು ಲ್ಯಾಪ್‌ಟಾಪನ್ನು ತಿರುಗಿಸುತ್ತಿದ್ದವಳನ್ನು ಕಂಡು ಅಪ್ಪ ಕನ್ನಡಕದ ಮೇಲಿನಿಂದ ನೋಡಿದ.

“ಏನ್ ಮಗಾ, ಆಗ್ಲಿಂದ ಮಗುಚ್ತಾ ಇದೀಯ?”

“ಬುಷ್ಷು ಬಿದ್ದೋಗೈತಪ್ಪ.”

ಅಪ್ಪ ಬಂದು ಹೆಬ್ಬೆರಳಿನಿಂದ ಮೂರನ್ನೂ ಮುಟ್ಟಿ ನೋಡಿದ. “ಒಂದೇ ಹಾಕಿದ್ರೆ ಮತ್ತೆ ಕುಣಿತೈತೆ. ಮೂರು ಸವೆದವೆ, ಹೊಸದು ಎತ್ತರ ಆಗ್ತದೆ. ಹಾಕಿದ್ರೆ ನಾಲ್ಕೂ ಹಾಕ್ಬೇಕು.”

ಇಷ್ಟು ದಿನ ನನಗೆ ಹೊಳೆಯದೇ ಇದ್ದದ್ದು ಇದು. ಅಪ್ಪನಿಗೆ ಹೊಳೆಯಲು ಕಾರಣವಿದೆ. ಅವನ ಮೆಷಿನ್ನಿನ ಕಬ್ಬಿಣದ ಸ್ಟ್ಯಾಂಡಿನ ಕಾಲಡಿ ನಾಲ್ಕು ಟೈರಿನ ತುಂಡುಗಳಿವೆ. ಇಲ್ಲದಿದ್ದರೆ ತುಳಿಯುವಾಗ ಮೆಷಿನ್ನು ಸಿಮೆಂಟು ನೆಲದ ಮೇಲೆ ನಡೆಯಲು ಶುರುಮಾಡುತ್ತದೆ, ಹೊಲಿಗೆ ಸೊಟ್ಟ ಹೋಗುತ್ತದೆ.

ಎದುರಿಗೆ ಚಪ್ಪಲಿ ಹೊಲಿಯುವವರ ಹತ್ತಿರ ಅಟ್ಟೆಗೆ ಹಾಕುವ ರಬ್ಬರಿನ ತುಂಡೂ ಅಂಟಿನ ಡಬ್ಬಿಯೂ ಬಂದವು. ಅಪ್ಪ ಮಾರ್ಕಿಂಗ್ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಬ್ಲೇಡಿನಿಂದ ನಾಲ್ಕು ಚೌಕ ಕೊಯ್ದ. ಕತ್ತರಿ ಮುಟ್ಟಲಿಲ್ಲ. ಬಟ್ಟೆಯ ಕತ್ತರಿಯನ್ನು ಬೇರೆ ಯಾವುದಕ್ಕೂ ತಾಗಿಸುವುದಿಲ್ಲ. ಚಿಕ್ಕವಳಿದ್ದಾಗ ಅದರಲ್ಲಿ ಕಾಗದ ಕತ್ತರಿಸಿ ಬೆನ್ನಿಗೆ ಗುದ್ದು ತಿಂದವಳು ನಾನು. ನಾನು ಹಳೆಯ ಮೂರನ್ನು ಕಿತ್ತು, ಕೋವಿಡ್ ಕಾಲದಲ್ಲಿ ಉಳಿದಿದ್ದ ಸ್ಯಾನಿಟೈಸರಿನಲ್ಲಿ ಬಟ್ಟೆ ಅದ್ದಿ ಅಂಟಿನ ಕಲೆಯನ್ನೆಲ್ಲ ಉಜ್ಜಿದೆ. ಉಳಿದ ಮೂರರ ಅಡಿಯಲ್ಲೂ ಸ್ಕ್ರೂಗಳಿದ್ದವು.

“ಅದರ ಮೇಲೆ ಅಂಟು ಹಚ್ಬೇಡ. ಸುತ್ತ ಹಚ್ಚು. ನಾಳೆ ಯಾರಾದ್ರೂ ಬಿಚ್ಬೇಕಾದ್ರೆ?” ಅಂದ ಅಪ್ಪ. ಪ್ಯಾಂಟು ಹೊಲಿಯುವಾಗ ಒಳಗಡೆ ಎರಡು ಬೆರಳು ಬಟ್ಟೆ ಬಿಡುವ ಮನುಷ್ಯ. ಈಗಿನ ರೆಡಿಮೇಡಿನಲ್ಲಿ ಅದನ್ನು ಬಿಡುವುದಿಲ್ಲ, ಅದಕ್ಕೇ ಸಡಿಲ ಮಾಡಲಾಗುವುದಿಲ್ಲ ಅಂತ ದಿನಕ್ಕೊಮ್ಮೆ ಬೈಯುತ್ತಾನೆ.

ಆ ಅಂಟಿಗೊಂದು ನಿಯಮವಿದೆ. ಎರಡೂ ಕಡೆ ಹಚ್ಚಬೇಕು, ಹಚ್ಚಿ ಹತ್ತು ನಿಮಿಷ ಸುಮ್ಮನಿರಬೇಕು. ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒಂದಕ್ಕೊಂದು ಒತ್ತಿದರೆ ಮಾತ್ರ ಕಚ್ಚಿಕೊಳ್ಳುತ್ತದೆ. ಹಸಿಯಲ್ಲೇ ಒತ್ತಿದರೆ ಜಾರುತ್ತದೆ. ಹೀಗಾಗಿ ಅಪ್ಪನೂ ನಾನೂ ಮಾಡಲು ಏನೂ ಇಲ್ಲದೆ ಎದುರುಬದುರು ಕೂತೆವು. ಹೀಗೆ ಕೂತು ಎಷ್ಟು ವರ್ಷವಾಗಿತ್ತೋ. ಹಬ್ಬಕ್ಕೆ ಬಂದರೂ ಅವನಿಗೆ ಹೊಲಿಗೆ, ನನಗೆ ಉತ್ತರಪತ್ರಿಕೆ.

“ಹೊಸದೇ ತಗೋಬಾರ್ದಾ ಮಗಾ? ಸಂಬಳ ಬರ್ತೈತಲ್ಲ.”

ನಾನು ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದೆ. ಅತಿಥಿ ಉಪನ್ಯಾಸಕಿ ಎಂಬುದು ಅಪ್ಪನಿಗೆ ಗೊತ್ತು. ಆದರೆ ಅತಿಥಿ ಅಂದರೆ ರಜೆಯಲ್ಲಿ ಸಂಬಳವಿಲ್ಲ, ಪ್ರತಿ ವರ್ಷ ಮತ್ತೆ ಅರ್ಜಿ ಹಾಕಬೇಕು, ಗೌರವಧನ ಯಾವಾಗ ಬರುತ್ತದೋ ಯಾರಿಗೂ ತಿಳಿಯದು ಎಂಬುದನ್ನು ನಾನು ಹೇಳಿರಲಿಲ್ಲ. ತಿಂಗಳು ತಿಂಗಳು ಮನೆಗೆ ಕಳಿಸುವ ಮೂರು ಸಾವಿರವನ್ನು ಬಳೆ ಅಡವಿಟ್ಟು ಕಳಿಸುತ್ತಿದ್ದೆ.

“ನಾಲ್ಕು ತಿಂಗಳಾತಪ್ಪ, ಬಂದಿಲ್ಲ.”

ಅಪ್ಪ ಏನೂ ಹೇಳಲಿಲ್ಲ. ಹೊರಗೆ ಕೊಬ್ಬರಿ ಹೇರಿದ ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು. ಅದು ಹೋಗುವ ತನಕ ಸುಮ್ಮನಿದ್ದು, “ಮತ್ತೆ ದುಡ್ಡು ಎಲ್ಲಿಂದ ಕಳಿಸ್ತಿದ್ದೆ?” ಅಂದ. ಹೇಳಿದೆ. ಅವನು ಎದ್ದು ಮೆಷಿನ್ನಿನ ಡ್ರಾಯರು ಎಳೆದು, ಬಾಬಿನ್ನುಗಳ ಅಡಿಯಿಂದ ಬ್ಯಾಂಕಿನ ಪಾಸ್‌ಬುಕ್ಕು ತೆಗೆದು ನನ್ನ ಮುಂದಿಟ್ಟ. ಎರಡು ವರ್ಷದಲ್ಲಿ ನಾನು ಕಳಿಸಿದ್ದೆಲ್ಲ ಅಲ್ಲೇ ಇತ್ತು. ಒಂದು ರೂಪಾಯಿಯನ್ನೂ ತೆಗೆದಿರಲಿಲ್ಲ.

“ನಿನ್ ಹತ್ರ ಉಳಿಯಲ್ಲ ಅಂತ ಇಲ್ಲಿ ಇಟ್ಟಿದ್ದೆ” ಅಂದು, ಒಂದು ಚೌಕವನ್ನು ಬೆರಳಿನಿಂದ ಮುಟ್ಟಿ ನೋಡಿದ. “ಆರೈತೆ. ತಗೋ, ಒತ್ತು.”

ನಾಲ್ಕನ್ನೂ ಒತ್ತಿದೆವು. ಎರಡು ಅವನು, ಎರಡು ನಾನು. ಕಿತ್ತ ಹಳೆಯ ಮೂರನ್ನು ಎಸೆಯಲು ಹೋದರೆ, “ಇಟ್ಕೋ, ಯಾವ್ದಕ್ಕಾದ್ರೂ ಬರ್ತದೆ” ಅಂದ.

ಸೋಮವಾರ ಕಾಲೇಜಿನಲ್ಲಿ ಲ್ಯಾಪ್‌ಟಾಪು ತೆರೆದು ಟೈಪು ಮಾಡತೊಡಗಿದೆ. ಮತ್ತೆ ‘ಟಕ್’. ಎದೆ ಧಸಕ್ಕೆಂದಿತು. ಬಗ್ಗಿ ನೋಡಿದರೆ, ನಾವು ಆರು ಜನ ಅತಿಥಿಗಳಿಗೆಂದು ಹಾಕಿರುವ ಆ ಮೇಜಿನದೇ ಒಂದು ಕಾಲು ಗಿಡ್ಡ. ಪರ್ಸಿನಲ್ಲಿದ್ದ ಹಳೆಯ ಮೂರು ಬುಷ್‌ಗಳನ್ನು ಒಂದರ ಮೇಲೊಂದಿಟ್ಟು ಅದರಡಿಗೆ ತಳ್ಳಿದೆ. ಸರಿಯಾಗಿ ಕೂತವು.